ಎಲ್ಲ ಹಕ್ಕಿಗೂ ಸಸಿ ನೆಡಿಸಬೇಡಿ

ಮಾನ್ಯ ಸಂಪಾದಕರೇ,

ಅಳಿವಿನಂಚಿನ ಹಕ್ಕಿಗಳ ಬಗೆಗಿನ ಮಕ್ಕಳ ಚಿತ್ರಪುಸ್ತಕಗಳನ್ನು ತಿರುವಿ ನೋಡಿ, ಕೊನೆಯ ಪುಟ ಹೆಚ್ಚುಕಡಿಮೆ ಒಂದೇ. ಮಕ್ಕಳು ಸಾಲಾಗಿ ನಿಂತು ಸಸಿ ನೆಡುತ್ತಾರೆ, ಹಕ್ಕಿ ವಾಪಸು ಬಂದು ಕೊಂಬೆಯ ಮೇಲೆ ಕೂರುತ್ತದೆ. ಕಾಡಿನ ಹಕ್ಕಿ ಮಂಗಟ್ಟೆಯ (ಹಾರ್ನ್‌ಬಿಲ್) ಕಥೆಗಾದರೆ ಇದು ಒಂದು ಮಟ್ಟಿಗೆ ನಡೆದೀತು. ಎರೆಭೂತನಿಗೆ ಇದೇ ಮುಳುವು.

ದೊರವಾಯನ ಹಕ್ಕಿ ಎಂದೂ ಕರೆಯುವ ಈ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಪ್ಪಟ ಬಯಲ ಹಕ್ಕಿ. ದೇಶದಲ್ಲಿ 200 ಕೂಡ ಉಳಿದಿಲ್ಲ, ಉಳಿದವುಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಕಡೆ. ನಮ್ಮಲ್ಲಿ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯವಾಯಿತು. ಎರೆಭೂತವೂ ಅಲ್ಲಿತ್ತು. ಆದರೆ ಹುಲ್ಲುಗಾವಲಿನ ಬಹುಪಾಲು ನೀಲಗಿರಿ ತೋಪಾಗಿತ್ತು. ಮರ ಎತ್ತರವಾದಂತೆ ಹಕ್ಕಿ ಜಾಗ ಬಿಟ್ಟಿತು. ಕಾರಣ ಸರಳ. ಇದರ ರಕ್ಷಣೆಯೆಲ್ಲ ದೂರದವರೆಗೆ ಕಣ್ಣು ಹಾಯುವುದರಲ್ಲಿದೆ. ಮರ ಬಂದರೆ ನರಿ, ನಾಯಿಗೆ ಮರೆ ಸಿಗುತ್ತದೆ, ಮೊಟ್ಟೆ ಕದಿಯುವ ಕಾಗೆಗೆ ಕೂರಲು ಜಾಗ ಸಿಗುತ್ತದೆ. ನೆರಳಲ್ಲಿ ಹುಲ್ಲು ಸೊರಗಿದರೆ ಮಿಡತೆಯೂ ಇಲ್ಲ. ಬಳ್ಳಾರಿ ಜಾಲಿ ಹಬ್ಬಿದ ಬಯಲುಗಳಲ್ಲೂ ಇದೇ ಆಗುತ್ತದೆ.

ಹಾಗಾಗಿ ಇಂಥ ಪುಸ್ತಕದಲ್ಲಿ ಮೊದಲು ಸರಿಯಾಗಬೇಕಾದ್ದು ಬಣ್ಣ. ಕಂದು ಎಂದರೆ ದುಃಖ, ಹಸಿರು ಎಂದರೆ ಸುಖ ಎಂಬ ಲೆಕ್ಕದಲ್ಲೇ ನಮ್ಮ ಚಿತ್ರಕಾರರು ಪುಟ ತುಂಬುತ್ತಾರೆ. ಎರೆಭೂತನ ಸುಖದ ಪುಟ ಕಂದೇ ಇರಬೇಕು: ಒಣಹುಲ್ಲಿನ ಹಳದಿ, ಕಡಲೆ ಹೊಲದ ಕಪ್ಪು, ಜೋಳದ ಕೂಳೆಯ ಬೂದು. ಅಚ್ಚಿನಲ್ಲಿ ಇದು ಸುಲಭವಲ್ಲ. ಅಚ್ಚಿನ ನಾಲ್ಕೂ ಶಾಯಿ (ನೀಲಿ, ಕೆಂಪು, ಹಳದಿ, ಕಪ್ಪು) ಬೆರೆಸಿದ ಕಂದು ಮಷೀನಿನಲ್ಲಿ ಸ್ವಲ್ಪ ಜಾರಿದರೂ ಕೆಂಪಿಗೋ ಹಸಿರಿಗೋ ತಿರುಗುತ್ತದೆ. ಮ್ಯಾಪ್ಲಿತೋ ಕಾಗದ ಶಾಯಿ ಹೀರಿ ಇಡೀ ಬಯಲು ಕೆಸರಿನಂತೆ ಕಾಣುತ್ತದೆ. ಕಂದಿನಲ್ಲಿ ನೀಲಿಯ ಪಾಲನ್ನು ಆದಷ್ಟು ಇಳಿಸಿ, ಪುಸ್ತಕಕ್ಕೆ ಬಳಸುವ ಕಾಗದದ ಮೇಲೆಯೇ ಒಂದು ಹಾಳೆ ಪ್ರೂಫ್ ತೆಗೆಸಿ ನೋಡಬೇಕು. ಕಂಪ್ಯೂಟರ್ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಟ್ಟರೆ ಆಮೇಲೆ ಪ್ರೆಸ್ಸಿನವರನ್ನು ಬೈದು ಫಲವಿಲ್ಲ.

ಎರಡನೆಯದು ಕಾಲು. ಎರೆಭೂತಕ್ಕೆ ಮುಂದೆ ಮೂರು ಬೆರಳು, ಹಿಂಬೆರಳೇ ಇಲ್ಲ. ಹಿಂಬೆರಳಿಲ್ಲದ ಕಾಲು ಕೊಂಬೆಯನ್ನು ಹಿಡಿಯಲಾರದು. ಆದ್ದರಿಂದ ಕೊಂಬೆ, ತಂತಿ, ಬೇಲಿಗೂಟ ಎಲ್ಲಿ ಕೂರಿಸಿದರೂ ಚಿತ್ರ ತಪ್ಪೇ. ಗಾತ್ರದಲ್ಲೂ ಎಡವುತ್ತಾರೆ, ಕೋಳಿಯಷ್ಟೇ ಬರೆದುಬಿಡುತ್ತಾರೆ. ನಿಂತರೆ ಸುಮಾರು 1 ಮೀಟರ್, ಅಂದರೆ ಒಂದನೇ ತರಗತಿಯ ಮಗುವಿನ ಗಲ್ಲದ ಮಟ್ಟ. ಗಂಡು 15 ಕಿಲೋದವರೆಗೆ ತೂಗುತ್ತದೆ, ಹೆಣ್ಣು ಅದರ ಅರ್ಧ. ರೆಕ್ಕೆ ಬಿಚ್ಚಿದರೆ 2 ಮೀಟರ್ ದಾಟುತ್ತದೆ. ಪುಸ್ತಕದ ಎದುರುಬದುರು ಪುಟಗಳಿಗೆ ಅಡ್ಡಲಾಗಿ ರೆಕ್ಕೆ ಹರಡಿಸುವ ಆಸೆ ಸಹಜ, ಆದರೆ ತಲೆ ನಡು ಹೊಲಿಗೆಯಲ್ಲಿ ಬೀಳದಂತೆ ಒಂದು ಬದಿಗೆ ಸರಿಸಿ. ಕಣ್ಣು ಪಿನ್ನಿನೊಳಗೆ ಹೋದ ಹಕ್ಕಿಗಳನ್ನು ಸಾಕಷ್ಟು ನೋಡಿಯಾಗಿದೆ.

ಗೂಡಿನ ಪುಟಕ್ಕೂ ಇದೇ ಮಾತು. ಕಡ್ಡಿ ಜೋಡಿಸಿದ ಬಟ್ಟಲು, ಅದರಲ್ಲಿ ಮೂರು ಬಿಳಿ ಮೊಟ್ಟೆ ಬೇಡ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ, ಸುಮಾರು ನಾಲ್ಕು ವಾರ ಕಾವು, ಅದೂ ತಾಯಿಯೊಬ್ಬಳದೇ. ಮಕ್ಕಳು ನೋಟ್‌ಬುಕ್ ಹಿಡಿದು ಸುತ್ತ ಕುಳಿತು ಮೊಟ್ಟೆ ನೋಡುವ ಚಿತ್ರ ಮುದ್ದಾಗಿ ಕಾಣುತ್ತದೆ. ವಾಸ್ತವದಲ್ಲಿ ತಾಯಿ ಎದ್ದು ಹೋದ ಆ ಹೊತ್ತಿನಲ್ಲೇ ಕಾಗೆಯೋ ನಾಯಿಯೋ ಮೊಟ್ಟೆಯನ್ನು ಮುಗಿಸುತ್ತದೆ. ಅಗತ್ಯವಿದ್ದರೆ ಮಕ್ಕಳನ್ನು ದೂರದ ಬದುವಿನ ಮೇಲೆ ದುರ್ಬೀನಿನೊಂದಿಗೆ ಕೂರಿಸಿ.

ಇನ್ನು ವಿದ್ಯುತ್ ತಂತಿ. ಥಾರ್ ಮರುಭೂಮಿಯಲ್ಲಿ ಉಳಿದ ಎರೆಭೂತಗಳಿಗೆ ಈಗ ದೊಡ್ಡ ಕಂಟಕ ಗಾಳಿ ಮತ್ತು ಸೌರ ವಿದ್ಯುತ್ ಒಯ್ಯುವ ಲೈನುಗಳು. ಸುಪ್ರೀಂ ಕೋರ್ಟು 2021ರಲ್ಲಿ ಲೈನುಗಳನ್ನು ನೆಲದಡಿ ಹಾಕಲು ಹೇಳಿ, 2024ರಲ್ಲಿ ಆ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಎರೆಭೂತನ ಕಣ್ಣು ತಲೆಯ ಇಬ್ಬದಿಗಿದೆ. ಹಾರುವಾಗ ನೋಟ ನೆಲದ ಕಡೆ. ನೇರ ಮುಂದಿನ ಒಂದು ಪಟ್ಟಿ ಕಾಣುವುದೇ ಇಲ್ಲ. ತಂತಿ ಹತ್ತಿರವಾದಾಗ ಕಂಡರೂ ಆ ಭಾರದ ದೇಹ ತಟ್ಟನೆ ತಿರುಗದು. ಇದನ್ನು ಮಾತಿಲ್ಲದೆ ತೋರಿಸಬಹುದು: ಎಡಪುಟದಲ್ಲಿ ನಮಗೆ ಕಾಣುವ ಆಕಾಶ, ತಂತಿಗಳ ಸಮೇತ, ಬಲಪುಟದಲ್ಲಿ ಹಕ್ಕಿಗೆ ಕಾಣುವುದು, ಕೆಳಗಿನ ಹೊಲ ನಿಚ್ಚಳ, ನಡುವೆ ಖಾಲಿ ಪಟ್ಟಿ. ನಮ್ಮ ಚಿತ್ರಪುಸ್ತಕಗಳಲ್ಲಿ ತಂತಿ ಎಂದರೆ ಕಾಜಾಣ, ಮಿಂಚುಳ್ಳಿ ಕೂರುವ ಬೆಂಚು. ಆ ಅಭ್ಯಾಸ ಈ ಕಥೆಗೆ ಆಗದು. ಪರಿಹಾರದ ಪುಟದಲ್ಲಿ ತಂತಿಗೆ ತೂಗುಹಾಕುವ ಹೊಳೆಯುವ ಬಿಲ್ಲೆಗಳನ್ನು ಬರೆಯಿರಿ, ಸಸಿಯನ್ನಲ್ಲ.

ರಣಹದ್ದಿನ ಪುಸ್ತಕಗಳಲ್ಲಿ ತೊಂದರೆ ಬೇರೆ. ಅಲ್ಲಿ ಕೇಡಿ ಬೇಕು, ಆದ್ದರಿಂದ ಬಂದೂಕು ಹಿಡಿದ ಬೇಟೆಗಾರ ಬರುತ್ತಾನೆ. ರಣಹದ್ದುಗಳನ್ನು ಮುಗಿಸಿದ್ದು ಬಂದೂಕಲ್ಲ, ದನದ ನೋವಿಗೆ ಚುಚ್ಚಿದ ಡೈಕ್ಲೋಫೆನಾಕ್. ಮದ್ದು ಪಡೆದ ದನ ಒಂದೆರಡು ದಿನದಲ್ಲಿ ಸತ್ತರೆ, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಕತ್ತು ಜೋತು ಸಾಯುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಸಂತತಿ ಕುಸಿಯಲು ಸಾಕು, ಏಕೆಂದರೆ ಒಂದು ಹೆಣಕ್ಕೆ ಹಿಂಡೇ ಇಳಿಯುತ್ತದೆ. 2006ರಲ್ಲಿ ಜಾನುವಾರುಗಳಿಗೆ ಇದನ್ನು ನಿಷೇಧಿಸಿದರೂ ಮನುಷ್ಯರಿಗೆಂದು ಮಾರುವ 30 ಮಿ.ಲೀ. ಬಾಟಲಿ ಕೊಟ್ಟಿಗೆ ಸೇರುತ್ತಿತ್ತು. 2015ರಲ್ಲಿ ಬಾಟಲಿಯನ್ನು 3 ಮಿ.ಲೀ.ಗೆ ಇಳಿಸಿದರು, ಒಂದು ಹಸುವಿಗೆ ಹಲವು ಬಾಟಲಿ ಒಡೆಯುವ ಖರ್ಚು, ರಗಳೆ ಯಾರಿಗೆ ಬೇಕು? ದೊಡ್ಡ ಬಾಟಲಿ ಒಂದು ಪುಟ, ಚಿಕ್ಕ ಬಾಟಲಿ ಇನ್ನೊಂದು ಪುಟ. ಆರು ವರ್ಷದ ಮಗುವಿಗೂ ಅರ್ಥವಾಗುತ್ತದೆ. ‘ಮಕ್ಕಳಿಗೆ ಔಷಧದ ವಿಷಯ ಭಾರವಾಗುತ್ತದೆ’ ಎನ್ನುವ ಸಂಪಾದಕರು ಚುಚ್ಚುಮದ್ದಿನ ಬಗ್ಗೆ ಮಕ್ಕಳಿಗಿರುವ ಅನುಭವವನ್ನು ಮರೆತಿರುತ್ತಾರೆ. ಸುರಕ್ಷಿತ ಬದಲಿ ಮೆಲೋಕ್ಸಿಕ್ಯಾಮ್. ಆ ಹೆಸರನ್ನು ಪಠ್ಯದಲ್ಲೇ ಹಾಕಿ, ಮನೆಯಲ್ಲಿ ಪುಸ್ತಕ ಓದಿ ಹೇಳುವ ಅಪ್ಪ ದನ ಸಾಕಿರಬಹುದು.

ಮಂಗಟ್ಟೆಗೂ ಸಸಿ ಅರ್ಧ ಉತ್ತರವೇ. ಗೂಡಿಗೆ ಅದಕ್ಕೆ ಬೇಕಾದ್ದು ಪೊಟರೆಯಿರುವ ಹಳೆಯ ಹೆಮ್ಮರ. ಇಂದು ನೆಟ್ಟ ಸಸಿಯಲ್ಲಿ ಅಂಥ ಪೊಟರೆ ಮೂಡುವಷ್ಟರಲ್ಲಿ ಪುಸ್ತಕ ಓದಿದ ಮಗುವಿನ ಮೊಮ್ಮಕ್ಕಳು ಶಾಲೆ ಮುಗಿಸಿರುತ್ತಾರೆ.

ನಿಜಕ್ಕೂ ಅಪಾಯಕಾರಿಯಾದ ಪುಟ ಮತ್ತೊಂದಿದೆ. ಬಿದ್ದ ಮರಿಯನ್ನು ಮಗು ಮನೆಗೆ ತಂದು ಹಾಲು ಕುಡಿಸಿ ಸಾಕುವುದು. ಹಕ್ಕಿಗೆ ಹಾಲು ಜೀರ್ಣವಾಗದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲೇ ಇರುವುದರಿಂದ ಕೊಕ್ಕಿಗೆ ಸುರಿದ ನೀರು ನೇರ ಅಲ್ಲಿಗೆ ಇಳಿಯಬಹುದು. ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ ವಿರುದ್ಧ. ಬದಲಿಗೆ ಹೀಗೆ ಬರೆಯಿಸಿ: ಮುಚ್ಚಳವಿರುವ ರಟ್ಟಿನ ಡಬ್ಬ, ಪೆನ್ಸಿಲಿನಿಂದ ಚುಚ್ಚಿದ ಹತ್ತಾರು ತೂತು, ತಳಕ್ಕೆ ಹಳೆಯ ಹತ್ತಿ ಬಟ್ಟೆ, ಕತ್ತಲೆ, ಸದ್ದಿಲ್ಲದ ಮೂಲೆ, ಊಟ ನೀರು ಏನೂ ಇಲ್ಲ, ಅರಣ್ಯ ಇಲಾಖೆಗೆ ಫೋನು. ರೆಕ್ಕೆ ಮೂಡಿ ಹಾರಲು ಕಲಿಯುತ್ತಿರುವ ಮರಿಯಾದರೆ ಅಷ್ಟೂ ಬೇಡ, ತಾಯಿ ಹತ್ತಿರದಲ್ಲೇ ಇರುತ್ತದೆ.

ಪ್ರಕಾಶಕರಲ್ಲಿ ಎರಡು ಕೋರಿಕೆ. ಹಕ್ಕಿ ಬಲ್ಲವರಿಗೆ ತೋರಿಸುವುದಿದ್ದರೆ ಪೆನ್ಸಿಲ್ ಹಂತದಲ್ಲೇ ತೋರಿಸಿ. ಬಣ್ಣ ಹಾಕಿದ ಮೇಲೆ ಯಾವ ಚಿತ್ರಕಾರರೂ ಹಿಂಬೆರಳು ಅಳಿಸಲು ಒಪ್ಪುವುದಿಲ್ಲ. ಎರಡನೆಯದು, ಹಲವು ಭಾಷೆಗಳಲ್ಲಿ ಒಟ್ಟಿಗೆ ಬರುವ ಪುಸ್ತಕದಲ್ಲಿ ಚಿತ್ರ ಒಂದೇ, ಅಕ್ಷರವಿರುವ ಕಪ್ಪು ಶಾಯಿಯ ಅಚ್ಚಿನ ಪ್ಲೇಟು ಮಾತ್ರ ಬದಲಾಗುತ್ತದೆ. ಇಂಗ್ಲಿಷಿನ ಅಳತೆಗೆ ಬಿಟ್ಟ ಜಾಗದಲ್ಲಿ ಕನ್ನಡದ ಸಾಲು ತುರುಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆಗಷ್ಟೇ ಓದಲು ಕಲಿತ ಮಗು ಅಲ್ಲೇ ನಿಲ್ಲುತ್ತದೆ. ಜಾಗ ಸಾಲದಿದ್ದರೆ ವಾಕ್ಯ ಕಡಿಮೆ ಮಾಡಿ. ಹೇಗೂ ಆ ಪ್ಲೇಟು ಹೊಸದಾಗಿ ಮಾಡಿಸುತ್ತೀರಲ್ಲ, ‘ಬಸ್ಟರ್ಡ್’ ತೆಗೆದು ‘ಎರೆಭೂತ’ ಎಂದು ಹಾಕಲು ಬಿಡಿಗಾಸೂ ಹೆಚ್ಚು ಬೀಳದು.

ಮಕ್ಕಳ ಪುಸ್ತಕಗಳ ಸಂಪಾದಕ,
ಧಾರವಾಡ