ಹಳ್ಳಗಳಿಗೂ ಹೆಸರಿನ ಹಲಗೆ ಬೇಕು

ಮಾನ್ಯ ಸಂಪಾದಕರೇ,

ನಾಗರಹೊಳೆ ಅಂದರೆ ನಮಗೆ ಹುಲಿ, ಆನೆ, ಸಫಾರಿ. ಅದು ಮೊದಲು ಒಂದು ಹೊಳೆಯ ಹೆಸರು ಎಂದು ಎಷ್ಟು ಜನಕ್ಕೆ ನೆನಪಿದೆ? ಹಾವಿನಂತೆ ಬಳುಕಿ ಹರಿಯುವುದರಿಂದ ಆ ಹೆಸರು ಬಂತು ಎನ್ನುತ್ತಾರೆ.

ಈ ಕಾಡಿನ ನೀರಿನ ದಾರಿ ಸ್ವಾರಸ್ಯವಾಗಿದೆ. ಒಂದೇ ಕಾಡಿಗೆ ಬಿದ್ದ ಮಳೆ ಎರಡು ಜಲಾಶಯಗಳಿಗೆ ಹಂಚಿಹೋಗುತ್ತದೆ. ಒಂದಿಷ್ಟು ಲಕ್ಷ್ಮಣತೀರ್ಥ ಸೇರಿ, ಹುಣಸೂರು ದಾಟಿ ಕೆ.ಆರ್.ಎಸ್. ಕಡೆಗೆ. ಇನ್ನೊಂದಿಷ್ಟು ನಾಗರಹೊಳೆಯಂಥ ಹೊಳೆಗಳಲ್ಲಿ ಹರಿದು ಕಬಿನಿಗೆ. ಕಬಿನಿ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿ ಮತ್ತೆ ಒಂದೇ ನೀರು! ಮೈಸೂರಿನ ನಲ್ಲಿಗೂ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ.

ಆದರೆ ಹೊಳೆಗಿಂತ ಮೊದಲು ಹಡ್ಲು ಇದೆ. ತಗ್ಗಿನಲ್ಲಿ ಮರ ಕಡಿಮೆ, ಹುಲ್ಲು ಜಾಸ್ತಿ ಇರುವ ಜೌಗು ನೆಲ ಅದು. ಮಳೆಗಾಲದಲ್ಲಿ ನೀರು ಕುಡಿದುಕೊಂಡು ಆಮೇಲೆ ನಿಧಾನವಾಗಿ ಹಳ್ಳಕ್ಕೆ ಬಿಡುತ್ತದೆ. ಸುತ್ತಲ ಕಾಡು ಒಣಗಿದಾಗಲೂ ಅಲ್ಲಿ ಹಸಿರು ಉಳಿದಿರುತ್ತದೆ, ಅದಕ್ಕೇ ಆನೆ, ಕಾಟಿ, ಜಿಂಕೆ ಅಲ್ಲಿ ಮೇಯುತ್ತವೆ. ನಾವು ಸುಮ್ನೆ ಪ್ರಾಣಿ ನೋಡಿ ಫೋಟೊ ಹೊಡೆದು ಬರುತ್ತೇವೆ. ಕಾಲಡಿಯ ನೆಲದ ಕೆಲಸ ಕಾಣುವುದೇ ಇಲ್ಲ.

ಕಳೆದ ತಿಂಗಳು ಮೊಮ್ಮಗಳೊಂದಿಗೆ ಆ ಕಾಡಿನ ರಸ್ತೆಯಲ್ಲಿ ಹೋಗುವಾಗ, "ತಾತ, ಈ ಹಳ್ಳದ ಹೆಸರೇನು?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮೋರಿಯ ಪಕ್ಕ 'ನಿಧಾನವಾಗಿ ಚಲಿಸಿ' ಎಂದಷ್ಟೇ ಇತ್ತು. ಪ್ರತಿ ಮೋರಿಯ ಬಳಿ ಹಳ್ಳದ ಹೆಸರು, ಅದು ಯಾವ ಹೊಳೆ ಸೇರುತ್ತದೆ ಎಂಬ ಒಂದು ಸಾಲು ಬರೆಸಬಹುದಲ್ವಾ? ಹೆಸರು ಬೇಕಿದ್ದರೆ ಕಾಡಂಚಿನ ಆದಿವಾಸಿ ಹಾಡಿಗಳ ಹಿರಿಯರನ್ನು ಕೇಳಲಿ.

– ಒಬ್ಬ ಓದುಗ, ಹುಣಸೂರು