ಒಂದು ಪುಟ ಸಾಕು, ನಿಲ್ಲಿಸು

ಚಿ. ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಫೋನಿನಲ್ಲಿ ಹೇಳಿದ್ದು ಕೇಳಿ ಮೊದಲು ಖುಷಿಯಾಯಿತು, ಆಮೇಲೆ ಭಯವಾಯಿತು. ನೀನು ಸ್ಕೂಲಿನ ಪೋರ್ಟಲ್‌ನಲ್ಲಿ ನಿನ್ನ ಅಂಕಪಟ್ಟಿ ತೆರೆದೆ, ಆ ಪುಟದ ವೆಬ್ ವಿಳಾಸದ ಕೊನೆಯ ಅಂಕಿ ಬದಲಾಯಿಸಿದೆ, ಇನ್ನೊಬ್ಬಳ ಅಂಕಪಟ್ಟಿ ಬಂತು. ಇದು ತುಂಬ ಹಳೆಯ ತಪ್ಪು. ಲಾಗಿನ್ ಆಗಿದ್ದಾರಾ ಅಂತ ಸರ್ವರ್ ನೋಡುತ್ತದೆ, ಕೇಳಿದ ಪುಟ ಅವರದ್ದೇನಾ ಅಂತ ನೋಡುವುದಿಲ್ಲ. ನಿನ್ನ ಕಣ್ಣಿಗೆ ಬಿತ್ತಲ್ಲ, ಶಹಬ್ಬಾಸ್.

ಭಯವಾಗಿದ್ದು ಮುಂದಿನ ಮಾತಿಗೆ. 'ಪುಟಗಳನ್ನು ತಾನಾಗಿ ತೆರೆಯೋ ಸ್ಕ್ರಿಪ್ಟ್ ಬರೆದು ಎಷ್ಟು ಜನರದ್ದು ಸಿಗುತ್ತೆ ನೋಡ್ತೀನಿ ಮಾವ' ಅಂದೆ. ಖಂಡಿತ ಬೇಡ. ದೋಷ ಇದೆ ಅಂತ ತೋರಿಸಲು ಒಂದು ಪುಟ ಸಾಕು. ನಿನ್ನ ಐಡಿ, ಐಪಿ ವಿಳಾಸ (ಯಾವ ಇಂಟರ್ನೆಟ್ ಸಂಪರ್ಕ ಅನ್ನುವ ಗುರುತು), ಸಮಯ ಎಲ್ಲ ಸರ್ವರಿನ ದಾಖಲೆಯಾದ ಲಾಗ್‌ನಲ್ಲಿ ಉಳಿಯುತ್ತದೆ. ಒಂದೇ ಐಡಿಯಿಂದ ಸಾಲಾಗಿ ನೂರಾರು ಪುಟ ತೆರೆದಿದ್ದರೆ, ತೆರೆದವನ ಮನಸ್ಸಿನಲ್ಲಿ ಏನಿತ್ತು ಅಂತ ಲಾಗ್ ಹೇಳುವುದಿಲ್ಲ. ನಾನೂ ಇಂಥ ಲಾಗ್ ನೋಡುವ ಕೆಲಸದವನೇ. ಅಂಥದ್ದು ಕಂಡರೆ ಮೊದಲು ಅಕೌಂಟ್ ಬ್ಲಾಕ್ ಮಾಡುತ್ತೇನೆ, ವಿಚಾರಣೆಯೆಲ್ಲ ಆಮೇಲೆ.

ಕೆನಡಾದ ಮಾಂಟ್ರಿಯಲ್‌ನಲ್ಲಿ ಡಾಸನ್ ಕಾಲೇಜ್ ಅಂತ ಇದೆ. ಅಲ್ಲಿನ ಕಂಪ್ಯೂಟರ್ ವಿದ್ಯಾರ್ಥಿಯೊಬ್ಬನ ಕಥೆ 2013ರಲ್ಲಿ ದೊಡ್ಡ ಸುದ್ದಿಯಾಯಿತು. ವಿದ್ಯಾರ್ಥಿಗಳ ಮಾಹಿತಿ ಇರುವ ಪೋರ್ಟಲ್‌ನಲ್ಲಿ ಅವನೂ ಗೆಳೆಯನೂ ದೋಷ ಕಂಡು ಕಾಲೇಜಿಗೆ ತಿಳಿಸಿದರು. ಅಲ್ಲಿಯವರು ಬೆನ್ನು ತಟ್ಟಿದರು. ಅಲ್ಲಿಗೆ ಬಿಟ್ಟಿದ್ದರೆ ಮುಗಿದಿತ್ತು. ಸರಿಯಾಯಿತಾ ನೋಡೋಣ ಅಂತ ಅವನು ಎರಡು ದಿನದ ಮೇಲೆ ದೋಷ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿದ. ಕಾಲೇಜಿನಿಂದಲೇ ಹೊರಗೆ ಹಾಕಿದರು. ಅಷ್ಟು ದೊಡ್ಡ ಶಿಕ್ಷೆ ಜಾಸ್ತಿಯಾಯಿತು ಅಂತಲೇ ನನಗೂ ಅನಿಸುತ್ತದೆ. ಆದರೆ ಸರಿಮಾಡಿದ್ದಾರಾ ಅಂತ ಪರೀಕ್ಷಿಸಬೇಕಾದರೆ ಅವರು ಒಪ್ಪಿಗೆ ಕೊಟ್ಟಿರಬೇಕು, ಅದೂ ಬರಹದಲ್ಲಿ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಅಮ್ಮನಿಗೆ ಹೇಳು. ಆ ಹುಡುಗಿಯ ಅಂಕಪಟ್ಟಿ ಸೇವ್ ಮಾಡಿಕೊಂಡಿದ್ದರೆ ಅಳಿಸಿಬಿಡು. ಸ್ಕ್ರೀನ್‌ಶಾಟ್ ಇದ್ದರೆ ಹೆಸರು, ಅಂಕ ಕಾಣದಂತೆ ಮುಚ್ಚು. ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದಕ್ಷರ ಬೇಡ. ಗೆಳೆಯರ ಮುಂದೆ ಹೇಳಿಕೊಳ್ಳುವ ಆಸೆ ಎಷ್ಟಿರುತ್ತದೆ ಅಂತ ಗೊತ್ತು. ಆದರೆ ಅವರಲ್ಲಿ ಒಬ್ಬ ಸುಮ್ನೆ ಟ್ರೈ ಮಾಡಿದರೂ ಮೊದಲು ಬರುವುದು ನಿನ್ನ ಹೆಸರು.

ಆಮೇಲೆ ಮುಖ್ಯೋಪಾಧ್ಯಾಯರಿಗೂ ಕಂಪ್ಯೂಟರ್ ಟೀಚರಿಗೂ ಸೇರಿಸಿ ಒಂದು ಇಮೇಲ್ ಬರೆ. ಬಾಯಿಮಾತು ನಾಳೆ ಯಾರಿಗೂ ನೆನಪಿರುವುದಿಲ್ಲ. ಯಾವ ಪುಟ, ಯಾವ ದಿನ, ಎಷ್ಟು ಹೊತ್ತಿಗೆ, ಏನು ಬದಲಾಯಿಸಿದೆ, ಏನು ಕಂಡಿತು, ಎಲ್ಲಿ ನಿಲ್ಲಿಸಿದೆ, ಇಷ್ಟೇ. 'ನಿಮ್ಮ ಸೆಕ್ಯುರಿಟಿ ಕಳಪೆ' ಅಂತೆಲ್ಲ ಬೇಡ. ಬಹುಮಾನದ ಮಾತೆತ್ತಬೇಡ. 'ವಾರದೊಳಗೆ ಸರಿಮಾಡದಿದ್ದರೆ ಎಲ್ಲರಿಗೂ ಹೇಳ್ತೀನಿ' ಅಂದರೆ ಅದು ಬೆದರಿಕೆಯಾಗುತ್ತದೆ. ಪೋರ್ಟಲ್ ಹೊರಗಿನ ಕಂಪನಿಯದ್ದಾದರೆ ಸ್ಕೂಲಿನವರ ಕೈಯಲ್ಲೂ ಎಲ್ಲ ಇರುವುದಿಲ್ಲ. ಅವರು ಕಂಪನಿಗೆ ಕಳಿಸಲಿ.

ಉತ್ತರ ಬರದೆ ಇರಬಹುದು. ತಾಳ್ಮೆ ತಪ್ಪುವುದು ಅಲ್ಲೇ. ಅಮೆರಿಕದ ಬಿಲ್ ಡೆಮಿರ್ಕಾಪಿ ಹೈಸ್ಕೂಲಿನಲ್ಲಿದ್ದಾಗ ಶಾಲೆಗಳ ಸಾಫ್ಟ್‌ವೇರ್‌ನಲ್ಲಿ ದೊಡ್ಡ ದೋಷಗಳನ್ನೇ ಕಂಡುಹಿಡಿದ. ಕಂಪನಿ ಗಮನ ಕೊಡಲಿಲ್ಲ ಅಂತ ಒಂದು ದೋಷ ಬಳಸಿ, ತನ್ನ ಶಾಲಾ ಜಿಲ್ಲೆಯಲ್ಲಿ ಅದರ ಆ್ಯಪ್ ಇಟ್ಟುಕೊಂಡಿದ್ದ ಎಲ್ಲರ ಫೋನಿಗೂ 'ಹಲೋ' ಅಂತ ಸಂದೇಶ ಕಳಿಸಿದ. ಎರಡು ದಿನ ಸಸ್ಪೆಂಡ್ ಆದ. 2019ರಲ್ಲಿ ಡೆಫ್ ಕಾನ್ ಎಂಬ ಹ್ಯಾಕರುಗಳ ಸಮ್ಮೇಳನದ ವೇದಿಕೆಯಲ್ಲಿ ಇದನ್ನೆಲ್ಲ ವಿವರಿಸಿದ, ಹೆಸರು ಬಂತು ನಿಜ. ಆದರೆ ಹೆಸರು ತಂದಿದ್ದು ಕಂಡುಹಿಡಿದ ದೋಷಗಳು, ಆ ಹಲೋ ಅಲ್ಲ. ಕಾಯುವುದು ಈ ಕೆಲಸದಲ್ಲಿ ಮಾಮೂಲು. ಗೂಗಲ್‌ನ ಪ್ರಾಜೆಕ್ಟ್ ಝೀರೋ ಅಂತ ದೋಷ ಹುಡುಕುವ ತಂಡವೇ ಇದೆ, ಅದೂ ದೋಷ ತಿಳಿಸಿದ ಮೇಲೆ ಸರಿಮಾಡಲು ಸಾಮಾನ್ಯವಾಗಿ 90 ದಿನ ಕೊಡುತ್ತದೆ. ನೀನು ಎರಡು ವಾರ ಬಿಟ್ಟು ಅದೇ ಇಮೇಲಿನ ಕೆಳಗೆ ಮರ್ಯಾದೆಯಿಂದ ಮತ್ತೊಮ್ಮೆ ಕೇಳು. ಆಗಲೂ ಸುದ್ದಿ ಇಲ್ಲ ಅಂದರೆ ಅಮ್ಮನ ಜೊತೆ ಹೋಗಿ ಮಾತಾಡು.

ಕೈ ಕಡಿಯುತ್ತಿದ್ದರೆ ನನ್ನ ಹತ್ತಿರ ಹಳೆಯ ರೂಟರ್ ಒಂದಿದೆ, ಕೊಡುತ್ತೇನೆ. ಅದನ್ನು ಎಷ್ಟು ಬೇಕಾದರೂ ಕೆದಕು. ಇಮೇಲ್ ಕಳಿಸುವ ಮೊದಲು ಕರಡು ನನಗೆ ತೋರಿಸು. ಭಾನುವಾರ ಬಿಡುವಾಗಿರುತ್ತೇನೆ.

ಇಂತಿ,
ನಿನ್ನ ಮಾವ