ಸಾರಿನಲ್ಲಿ ಬೆರೆಸುವ ಮಾತ್ರೆ ಬೇಡ

ಮಾನ್ಯ ಸಂಪಾದಕರೇ,

ನಾನು ಚಿಂತಾಮಣಿಯಲ್ಲಿ ಔಷಧ ಅಂಗಡಿ ನಡೆಸುವವಳು. ನಿಮ್ಮ ಪತ್ರಿಕೆಯ ಸಣ್ಣ ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಸಾಲಿನ ಬಗ್ಗೆ ಬರೆಯುತ್ತಿದ್ದೇನೆ: ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’. ಬಸ್ ಸ್ಟ್ಯಾಂಡ್ ಗೋಡೆ ಮೇಲೂ ಇದೇ ಚೀಟಿ. ಆ ಪುಡಿಯಲ್ಲಿ ಏನಿದೆ ಅಂತ ಎಲ್ಲೂ ಬರೆದಿರುವುದಿಲ್ಲ. ದಯವಿಟ್ಟು ಇಂಥವನ್ನು ಅಚ್ಚು ಹಾಕಬೇಡಿ.

ಇದನ್ನು ಓದಿದವರು ನನ್ನಂಥವರ ಅಂಗಡಿಗೂ ಬರುತ್ತಾರೆ. ಹೆಚ್ಚಿನವರು ಹೆಂಗಸರೇ. ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿರುತ್ತಾರೆ. ಆಮೇಲೆ ಮೆಲ್ಲಗೆ, “ಅಕ್ಕಾ, ಸಾರಲ್ಲಿ ಬೆರೆಸೋ ಮಾತ್ರೆ ಐತಂತಲ್ಲ, ಕೊಡಿ” ಅಂತಾರೆ. ಈಚೆಗೆ ಹಾಗೆ ಕೇಳಿದ ಒಬ್ಬರ ಗಂಡ ಟೊಮೆಟೊ ಮಂಡಿಯಲ್ಲಿ ಹಮಾಲಿ. ಆತನ ಬಿಪಿ ಮಾತ್ರೆ, ಹೃದಯದ ಮಾತ್ರೆ ತಿಂಗಳು ತಿಂಗಳೂ ನನ್ನ ಅಂಗಡಿಯಿಂದಲೇ ಹೋಗುತ್ತವೆ. ಕೇಳಿ ಎದೆ ಧಸಕ್ಕೆಂದಿತು.

ಅವರು ಕೇಳುವ ಮಾತ್ರೆ ಡೈಸಲ್ಫಿರಾಮ್. ಕುಡಿದ ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ, ಆಮೇಲೆ ಆ ವಿಷವೂ ಕರಗುತ್ತದೆ. ಈ ಮಾತ್ರೆ ಅದನ್ನು ಕರಗಲು ಬಿಡುವುದಿಲ್ಲ. ಆಗ ಒಂದು ಪ್ಯಾಕೆಟ್ ಕುಡಿದರೂ ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಎದೆ ಡವಡವ ಅನ್ನುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರಿಗೆ ಜೀವವೇ ಹೋಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದ ತನಕ ಈ ಅಪಾಯ ಇರುತ್ತದೆ. ಡಾಕ್ಟರೂ ಇದನ್ನು ಕೊಡುತ್ತಾರೆ, ನಿಜ. ಆದರೆ ಲಿವರ್, ಹೃದಯ ಪರೀಕ್ಷೆ ಮಾಡಿ, ರೋಗಿಗೆ ಹೇಳಿ ಒಪ್ಪಿಸಿ ಕೊಡುತ್ತಾರೆ. ಗೊತ್ತಿದ್ದು ತಗೊಂಡವನು ಹೆದರಿ ಕುಡಿಯದೆ ಇರುತ್ತಾನೆ. ಗೊತ್ತಿಲ್ಲದವನು ಸಂಜೆ ಎಂದಿನಂತೆ ಬಾರಿಗೆ ಹೋಗುತ್ತಾನೆ. ಡಾಕ್ಟರ ಚೀಟಿ ಇಲ್ಲದೆ ಇದನ್ನು ಯಾವ ಅಂಗಡಿಯೂ ಮಾರುವಂತಿಲ್ಲ. ನನ್ನ ವೃತ್ತಿಯವರಿಗೂ ಇದೇ ವಿನಂತಿ.

ಮಾತ್ರೆ ಸಿಗದಿದ್ದರೆ ಇನ್ನೊಂದು ದಾರಿ ಹಿಡಿಯುತ್ತಾರೆ. ಒಮ್ಮೆಲೇ ಬಿಡಿಸುವುದು. ಕೈವಾರದಲ್ಲಿ ಆಣೆ, ಮುರುಗಮಲ್ಲ ದರ್ಗಾದಲ್ಲಿ ಹರಕೆ, ಇಲ್ಲಾ ಅಯ್ಯಪ್ಪನ ಮಾಲೆ. ಅದಕ್ಕೂ ಬಗ್ಗದಿದ್ದರೆ ರೂಮಿನಲ್ಲಿ ಕೂಡಿಹಾಕುವುದು. ಮಾಲೆ ಹಾಕಿ ಕುಡಿತ ಬಿಟ್ಟವರನ್ನು ನಾನೂ ಕಂಡಿದ್ದೇನೆ, ನನಗೆ ಆ ಭಕ್ತಿಯ ಮೇಲೆ ಗೌರವವಿದೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಕ ನಿಲ್ಲಿಸಲು ಪ್ಯಾಕೆಟ್ ಬೇಕಾದವರ ಕಥೆ ಬೇರೆ. ಮದ್ಯ ಅವರ ಮೆದುಳನ್ನು ವರ್ಷಗಟ್ಟಲೆ ಅದುಮಿ ಇಟ್ಟಿರುತ್ತದೆ. ತಟ್ಟನೆ ನಿಲ್ಲಿಸಿದರೆ ಒತ್ತಿ ಹಿಡಿದ ಸ್ಪ್ರಿಂಗ್ ಬಿಟ್ಟಂತೆ ಅದು ಕೆರಳುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತದೆ. ಯಾರೋ ಕೊಲ್ಲಲು ಬಂದರು ಅಂತ ಕೂಗಾಡುತ್ತಾರೆ, ಜ್ವರ ಏರುತ್ತದೆ. ಗಾಳಿ ಸೋಕಿದೆ ಅಂತ ಮನೆಯವರು ತಾಯತಕ್ಕೆ ಓಡುತ್ತಾರೆ. ಆಗ ಮಾಡಬೇಕಾದದ್ದು 108ಕ್ಕೆ ಫೋನ್. ತಡಮಾಡಿದರೆ ಸಾವು ಬರಬಹುದು.

ಸುಸ್ತಾಗಿದೆ ಅಂತ ಸುಮ್ನೆ ಗ್ಲೂಕೋಸ್ ಹಾಕಿಸುವವರೂ ಇದ್ದಾರೆ. ಊಟ ಬಿಟ್ಟು ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್, ತೀರಾ ಕಡಿಮೆಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಹೋದ ನೆನಪು ವಾಪಸ್ ಬಾರದೆಯೂ ಇರಬಹುದು.

ಸರಿಯಾದ ಚಿಕಿತ್ಸೆ ಇದೆ. ಮೊದಲ ಒಂದು ವಾರದ ಆಸುಪಾಸು ಕ್ಲೋರ್‌ಡಯಾಜೆಪಾಕ್ಸೈಡ್‌ನಂಥ ಔಷಧ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾ, ಮೈಯನ್ನು ಹತೋಟಿಗೆ ತರುತ್ತಾರೆ. ಆಮೇಲೆ ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್, ಜೊತೆಗೆ ತಿಂಗಳುಗಟ್ಟಲೆ ಆಪ್ತಸಮಾಲೋಚನೆ. ನಡುವೆ ಮತ್ತೆ ಕುಡಿದರೆ ಮತ್ತೆ ಹೋಗಬೇಕು, ನಾಚಿಕೆ ಬೇಡ. ಆದರೆ ಇದು ಎಷ್ಟು ಜನಕ್ಕೆ ಸಿಗುತ್ತಿದೆ? ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆ ಪ್ರಕಾರ, ಮದ್ಯ ಬಿಟ್ಟು ಇರಲಾಗದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಮನೆಗಳ ಹೆಂಗಸರನ್ನೇ ನೋಡಿ ಈ ಪುಡಿಯವರು ಜಾಹೀರಾತು ಕೊಡುವುದು.

ಮಾತ್ರೆ ಕೇಳಿ ಬಂದವರಿಗೆ ನಾನು ಹೇಳುವುದನ್ನು ನಿಮ್ಮ ಓದುಗರಿಗೂ ಹೇಳುತ್ತೇನೆ. ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಮಾಡಬಹುದು, ಕುಡಿಯುವವರೇ ಮಾಡಬೇಕು ಅಂತಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕಡೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಕೈಯಲ್ಲಿರಲಿ.

– ಒಬ್ಬ ಫಾರ್ಮಸಿಸ್ಟ್, ಚಿಂತಾಮಣಿ